ಕೊರಿಯಾದ ಹಣ್ಣಿನ ಹ್ವಾಚೆ: ಮನೆಯಲ್ಲೇ ಮಾಡಿ, ಆದರೆ ಅಜ್ಜಿಯ ಬಟ್ಟಲು ಬೇರೆ ಇರಲಿ



ಕಳೆದ ಸಲ ಉಪ್ಪಿನಕಾಯಿ, ಹಪ್ಪಳ ಮತ್ತು ಬಿಪಿ ಬಗ್ಗೆ ಬರೆದಿದ್ದೆ. ಅದನ್ನು ಓದಿದ ಹೈದರಾಬಾದಿನ ಓದುಗರೊಬ್ಬರು, "ಡಾಕ್ಟ್ರೇ, ಬರೀ ಬೇಡ ಬೇಡ ಅಂತೀರಿ. ಈ ಬಿಸಿಲಿಗೆ ಏನು ಕುಡಿಯೋದು ಅದನ್ನಾದ್ರೂ ಹೇಳಿ" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಹಾಗಾಗಿ ಈ ವಾರ ಒಂದು ತಂಪು ಪಾನೀಯದ ವಿಷಯ. ನಮ್ಮ ಪಾನಕವಲ್ಲ, ಮಜ್ಜಿಗೆಯಲ್ಲ. ನಿಮ್ಮ ಮಕ್ಕಳು ಮೊಬೈಲಿನಲ್ಲಿ ನೋಡಿ ಮಾಡುತ್ತಿರುವ ಕೊರಿಯಾದ ಹ್ವಾಚೆ.

ನನಗೆ ಈ ಹೆಸರು ಗೊತ್ತಾಗಿದ್ದು ಒಬ್ಬ ಅಜ್ಜಿಯಿಂದ. ಧಾರವಾಡದ ಕಡೆಯವರು, ಎಪ್ಪತ್ತು ದಾಟಿದ ವಯಸ್ಸು, ಇಲ್ಲಿ ಪುಣೆಯಲ್ಲಿ ಮಗನ ಮನೆಯಲ್ಲಿದ್ದಾರೆ. ಹಳೆಯ ಹಾರ್ಟ್ ಅಟ್ಯಾಕ್‌ನಿಂದ ಹೃದಯದ ಪಂಪು ದುರ್ಬಲವಾಗಿದೆ. ಒಂದು ಏಪ್ರಿಲ್‌ನಲ್ಲಿ ಕಾಲು ಊದಿಕೊಂಡು, ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಬಂದರು. ಹತ್ತು ದಿನದಲ್ಲಿ ಮೂರು ಕಿಲೋಗಿಂತ ಹೆಚ್ಚು ತೂಕ ಏರಿತ್ತು. ಮಗ ಬಹಳ ಶಿಸ್ತಿನ ಮನುಷ್ಯ. ಮಾತ್ರೆ ಒಂದೂ ತಪ್ಪಿಲ್ಲ, ಉಪ್ಪು ಕಡಿಮೆ, ನೀರು ದಿನಕ್ಕೆ 1.2 ಲೀಟರ್ ಬಾಟಲಿಯಲ್ಲಿ ಅಳೆದೇ ಕೊಡುತ್ತಿದ್ದರು. ಎಲ್ಲಿ ತಪ್ಪಿತು ಎಂದು ನಾನು ಯೋಚಿಸುತ್ತಿರುವಾಗ ಹಿಂದೆ ನಿಂತಿದ್ದ ಒಂಬತ್ತನೇ ಕ್ಲಾಸಿನ ಮೊಮ್ಮಗಳು ಮೆಲ್ಲಗೆ, "ಹ್ವಾಚೆ ಕೂಡ ಲೆಕ್ಕಕ್ಕೆ ಬರುತ್ತಾ?" ಎಂದು ಕೇಳಿ ಫೋನಿನಲ್ಲಿ ಫೋಟೋ ತೋರಿಸಿದಳು. ದೊಡ್ಡ ಗಾಜಿನ ಬೋಗುಣಿ, ಅದರ ತುಂಬ ಕಲ್ಲಂಗಡಿ, ಐಸ್, ಗುಲಾಬಿ ಬಣ್ಣದ ಹಾಲು. ಶಾಲೆಗೆ ರಜೆ ಬಿದ್ದ ಮೇಲೆ ಅಜ್ಜಿ, ಮೊಮ್ಮಗಳು ಇಬ್ಬರೂ ಮಧ್ಯಾಹ್ನ ಕೂತು ಕೊರಿಯನ್ ಧಾರಾವಾಹಿ ನೋಡುತ್ತಾ ತಲಾ ಎರಡು ಬಟ್ಟಲು ಖಾಲಿ ಮಾಡುತ್ತಿದ್ದರಂತೆ.

ಅಜ್ಜಿಗೆ ಮೊಮ್ಮಗಳ ಮೇಲೆ ಮಾತು ಬರುವುದು ಇಷ್ಟವಾಗಲಿಲ್ಲ. "ಅದು ಹಣ್ಣರೀ ಡಾಕ್ಟ್ರ, ನೀರಲ್ಲ" ಎಂದರು.

ಲೆಕ್ಕ ಹಾಕಿದೆವು. ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ. ಒಂದು ಬಟ್ಟಲಿನಲ್ಲಿ 300 ಗ್ರಾಂ ಹಣ್ಣು ಇದ್ದರೆ ಸುಮಾರು 275 ಮಿಲಿ ನೀರು, ಮೇಲೆ ಹಾಲು, ಸೋಡಾ, ಕರಗಿದ ಐಸ್ ಸೇರಿ ಇನ್ನೊಂದು 200 ಮಿಲಿ. ಎರಡು ಬಟ್ಟಲು ಅಂದರೆ ಹತ್ತಿರ ಹತ್ತಿರ ಒಂದು ಲೀಟರ್. ಅಳೆದು ಕೊಟ್ಟ ಬಾಟಲಿಯ ಜೊತೆಗೆ ಹೆಚ್ಚುಕಡಿಮೆ ಇನ್ನೊಂದು ಬಾಟಲಿ ಕುಡಿದ ಹಾಗಾಯಿತು. ತಪ್ಪು ಅವರದಲ್ಲ, ನನ್ನದು. ಚೀಟಿಯಲ್ಲಿ ನಾನು ಬರೆದಿದ್ದು "ನೀರು 1.2 ಲೀಟರ್" ಎಂದು. ಈಗ "ಸಾರು, ಮಜ್ಜಿಗೆ, ಚಹಾ, ಐಸ್, ಕಲ್ಲಂಗಡಿ ಎಲ್ಲ ಸೇರಿ" ಎಂದು ಬರೆಯುತ್ತೇನೆ. ಅಜ್ಜಿ ಮೂರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದರು. ಮೊಮ್ಮಗಳು ಮಾತ್ರ ತಾನೇ ಅಜ್ಜಿಗೆ ಕಾಯಿಲೆ ತಂದೆ ಎಂದು ಅತ್ತು ಅತ್ತು ಕಣ್ಣು ಕೆಂಪಗೆ ಮಾಡಿಕೊಂಡಿದ್ದಳು. ಅವಳನ್ನು ಸಮಾಧಾನ ಮಾಡಲೆಂದೇ ನಾನು ಈ ಹ್ವಾಚೆಯ ಬಗ್ಗೆ ಓದಿದ್ದು.

ಓದಿದಾಗ ಆಶ್ಚರ್ಯವಾಯಿತು. ಹಳೆಯ ಹ್ವಾಚೆಗೂ ಈ ಫೋಟೋದ ಬೋಗುಣಿಗೂ ಬಹಳ ದೂರ. ಹ್ವಾ ಎಂದರೆ ಹೂವು, ಚೆ ಎಂದರೆ ಸೊಪ್ಪು ತರಕಾರಿ. ಜೇನು ಬೆರೆಸಿದ ತಣ್ಣೀರಿನಲ್ಲೋ, ಓಮಿಜಾ ಎಂಬ ಸಣ್ಣ ಕೆಂಪು ಹಣ್ಣನ್ನು ನೆನೆಸಿದ ನೀರಿನಲ್ಲೋ ತೆಳ್ಳಗೆ ಹೆಚ್ಚಿದ ಹಣ್ಣು ಅಥವಾ ಹೂವಿನ ಎಸಳನ್ನು ತೇಲಿಬಿಟ್ಟು, ನಾಲ್ಕು ಪೈನ್ ಬೀಜ ಹಾಕಿ ಕೊಡುವ ಪಾನೀಯ ಅದು. ಓಮಿಜಾ ಎಂದರೆ ಐದು ರುಚಿಯ ಹಣ್ಣು: ಹುಳಿ, ಸಿಹಿ, ಕಹಿ, ಖಾರ, ಉಪ್ಪು ಐದೂ ಅದರಲ್ಲಿದೆ ಎಂದು ಅವರ ಮಾತು. ಅದನ್ನು ಕುದಿಸುವುದಿಲ್ಲ, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸುತ್ತಾರೆ. ಕುದಿಸಿದರೆ ಕಹಿ, ಒಗರು ಹೆಚ್ಚಾಗುತ್ತದೆ. ವಸಂತದಲ್ಲಿ ಹೂವಿನ ಹ್ವಾಚೆ, ಚಳಿಯ ಕಾಲಕ್ಕೆ ಯೂಜಾ ಎಂಬ ಕಿತ್ತಳೆ ಜಾತಿಯ ಹಣ್ಣಿನದು, ಜುಲೈ, ಆಗಸ್ಟ್‌ನ ಸೆಕೆಯಲ್ಲಿ ಕಲ್ಲಂಗಡಿಯದು. ಕಲ್ಲಂಗಡಿಗೆ ಅವರು ಸುಬಾಕ್ ಅನ್ನುತ್ತಾರೆ, ಹಾಗಾಗಿ ಸುಬಾಕ್ ಹ್ವಾಚೆ.

ನಮ್ಮ ಕರಾವಳಿಯವರಿಗೆ ಇದು ಅಷ್ಟೇನೂ ಹೊಸದಲ್ಲ. ಕರಬೂಜ ಹೆಚ್ಚಿ ಬೆಲ್ಲ, ತೆಂಗಿನಹಾಲು, ಏಲಕ್ಕಿ ಹಾಕಿದ ರಸಾಯನ ತಿಂದವರಿಗೆ ಹಣ್ಣು ತೇಲುವ ಬಟ್ಟಲಿನ ಸುಖ ಗೊತ್ತು.

ಹೂವಿನ ಮಾತು ಬಂದಿದ್ದಕ್ಕೆ ಒಂದು ಎಚ್ಚರಿಕೆ. ಕೊರಿಯಾದಲ್ಲಿ ವಸಂತದ ಹ್ವಾಚೆಗೆ ಹಾಕುವ ಜಿಂದಾಲ್ಲೆ ಎಂಬ ಗುಲಾಬಿ ಬಣ್ಣದ ಹೂವಿನ ಹಾಗೆಯೇ ಕಾಣುವ, ವಿಷವಿರುವ ಇನ್ನೊಂದು ಹೂವಿದೆ. ಅದರ ವಿಷ ನಾಡಿಯನ್ನು ನಿಧಾನ ಮಾಡಿ ಬಿಪಿ ಬೀಳಿಸುತ್ತದೆ. ಅಲ್ಲಿನವರು ಎರಡನ್ನೂ ಗುರುತಿಸಿ ಬಲ್ಲರು. ನಾವು ಚಂದ ಕಾಣಲಿ ಎಂದು ಸೊಸೈಟಿ ಗಾರ್ಡನ್ನಿನ ಹೂವು ಕಿತ್ತು ಬಟ್ಟಲಿಗೆ ಹಾಕುವುದು ಬೇಡವೇ ಬೇಡ.

ಈಗ ವಿಡಿಯೋದ ಹ್ವಾಚೆಗೆ ಬರೋಣ. ಸಿಹಿ ನಿಂಬೆ ಸೋಡಾ, ಸ್ಟ್ರಾಬೆರಿ ಹಾಲು, ಕಂಡೆನ್ಸ್‌ಡ್ ಮಿಲ್ಕ್, ಡಬ್ಬಿಯ ಹಣ್ಣು. ಕೊರಿಯಾದಲ್ಲೂ ಮನೆಗಳಲ್ಲಿ ಈಗ ಹೀಗೇ ಮಾಡುತ್ತಾರೆ, ಆದ್ದರಿಂದ ಇದು ನಕಲಿ ಎಂದು ನಾನು ಹೇಳುವುದಿಲ್ಲ. ಸಕ್ಕರೆಯನ್ನಷ್ಟೇ ನೋಡಿ. ಸೋಡಾ ಬಾಟಲಿಯ ಹಿಂದೆ 100 ಮಿಲಿಗೆ 10 ಗ್ರಾಂ ಸಕ್ಕರೆ ಎಂದಿದ್ದರೆ ಅರ್ಧ ಲೀಟರಿಗೆ 50 ಗ್ರಾಂ. ನಾಲ್ಕು ದೊಡ್ಡ ಚಮಚ ಕಂಡೆನ್ಸ್‌ಡ್ ಮಿಲ್ಕ್‌ನಿಂದ ಇನ್ನೊಂದು 40 ಗ್ರಾಂಗೂ ಹೆಚ್ಚು. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 22 ಗ್ರಾಂಗಿಂತ ಮೇಲಾಯಿತು. ಸ್ಟ್ರಾಬೆರಿ ಹಾಲಿನ ಸಕ್ಕರೆ ಇನ್ನೂ ಇದರಲ್ಲಿ ಸೇರಿಲ್ಲ. ಮೇಲಿಂದ ಸೇರಿಸಿದ ಸಕ್ಕರೆ, ಜೇನು ಇವೆಲ್ಲ ದಿನಕ್ಕೆ 50 ಗ್ರಾಂ ದಾಟಬಾರದು, 25ರ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಬಟ್ಟಲಿನಲ್ಲೇ ದಿನದ ಪಾಲು ಮುಗಿಯಿತು. ಎರಡನೇ ಬಟ್ಟಲು ಯಾರೂ ಬಿಡುವುದಿಲ್ಲ, ಅದು ನನಗೂ ಗೊತ್ತು.

ನಮ್ಮ ಮನೆಯಲ್ಲಿ ಈಗ ಮಾಡುವ ರೀತಿ ಹೇಳುತ್ತೇನೆ. ಓಮಿಜಾ ನಮ್ಮ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಕೆಂಪು ಬಣ್ಣಕ್ಕೂ ಹುಳಿಗೂ ನಾನು ಆರಿಸಿಕೊಂಡಿದ್ದು ಕೋಕಂ, ನಮ್ಮ ಪುನರ್ಪುಳಿ. ಮುಂಬೈ, ಪುಣೆಯವರಿಗೆ ಮೂಲೆಯ ಅಂಗಡಿಯಲ್ಲೇ ಸಿಗುತ್ತದೆ. ದೆಹಲಿ, ಚೆನ್ನೈಯವರು ಊರಿಂದ ಬರುವವರ ಕೈಲಿ ತರಿಸಿಕೊಳ್ಳಿ. ಅಂಗಡಿಯ ಒದ್ದೆ ಕೋಕಂಗೆ ಉಪ್ಪು ಹಾಕಿರುತ್ತಾರೆ, ಬಿಪಿ ಇರುವ ಮನೆಯಲ್ಲಿ ಉಪ್ಪಿಲ್ಲದ ಒಣ ಸಿಪ್ಪೆಯನ್ನೇ ಕೇಳಿ. ಅದು ಸಿಗದಿದ್ದರೆ ಎರಡು ಮೂರು ನೀರಿನಲ್ಲಿ ಚೆನ್ನಾಗಿ ತೊಳೆದುಕೊಳ್ಳಿ.

ನಾಲ್ಕು ಜನಕ್ಕೆ: ಎಂಟು ಹತ್ತು ಎಸಳು ಕೋಕಂ ಅನ್ನು 600 ಮಿಲಿ ಕುಡಿಯುವ ನೀರಿನಲ್ಲಿ ರಾತ್ರಿ ನೆನೆಹಾಕಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಸೋಸಿ ಎರಡು ಟೀ ಚಮಚ ಜೇನು ಕಲಸಿ. ಕಲ್ಲಂಗಡಿಯನ್ನು ಕೊಯ್ಯುವ ಮೊದಲು ಹೊರಸಿಪ್ಪೆ ತೊಳೆಯಿರಿ, ಇಲ್ಲದಿದ್ದರೆ ಸಿಪ್ಪೆಯ ಮೇಲಿನ ಕೊಳೆಯನ್ನು ಚಾಕು ನೇರ ಹಣ್ಣಿನೊಳಗೆ ಒಯ್ಯುತ್ತದೆ. ಸುಮಾರು 400 ಗ್ರಾಂ ತಿರುಳನ್ನು ಚಮಚದಿಂದ ಉಂಡೆ ಉಂಡೆಯಾಗಿ ತೆಗೆಯಿರಿ. ಮಕ್ಕಳಿಗೆ ಈ ಕೆಲಸ ಕೊಡಿ, ಖುಷಿಯಿಂದ ಮಾಡುತ್ತಾರೆ. ಕೊರಿಯನ್ ಪೇರ್ ಬದಲು ನಮ್ಮ ಮರಸೇಬು ಒಂದನ್ನು ಸಿಪ್ಪೆ ತೆಗೆದು ತೆಳ್ಳಗೆ ಹೆಚ್ಚಿ, ಒಂದು ಹಿಡಿ ದ್ರಾಕ್ಷಿಯನ್ನು ಅರ್ಧ ಮಾಡಿ ಹಾಕಿ. ಪುಟ್ಟ ಮಕ್ಕಳಿದ್ದರೆ ದ್ರಾಕ್ಷಿಯನ್ನು ಉದ್ದುದ್ದಕ್ಕೆ ನಾಲ್ಕು ಸೀಳಾಗಿ ಹೆಚ್ಚಿ, ಇಡಿಯಾಗಿ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಎಲ್ಲದರ ಮೇಲೆ ಕೋಕಂ ನೀರು ಸುರಿದು, ಫಿಲ್ಟರ್ ನೀರಿನ ಐಸ್ ಹಾಕಿ. ಪೈನ್ ಬೀಜ, ಅಂದರೆ ದೆಹಲಿಯವರ ಚಿಲ್ಗೋಜಾ, ಬಹಳ ದುಬಾರಿ. ನಾನು ಬಾದಾಮಿ ಸೀಳಿ ಹಾಕುತ್ತೇನೆ, ಯಾರೂ ಜಗಳ ಮಾಡಿಲ್ಲ.

ಹಾಲಿನದೇ ಬೇಕು ಎಂದು ಮಕ್ಕಳು ಹಠ ಮಾಡಿದರೆ ಕೋಕಂ ಬಿಟ್ಟುಬಿಡಿ, ಹಾಲು ಒಡೆಯುತ್ತದೆ. 300 ಮಿಲಿ ತಣ್ಣಗಿನ ಟೋನ್ಡ್ ಹಾಲು, ಅಷ್ಟೇ ಸಿಹಿಯಿಲ್ಲದ ಸೋಡಾ, ಕಲ್ಲಂಗಡಿಯನ್ನೇ ಸ್ವಲ್ಪ ರುಬ್ಬಿ ಬೆರೆಸಿದರೆ ಗುಲಾಬಿ ಬಣ್ಣ ತಾನೇ ಬರುತ್ತದೆ. ಮೊದಲ ದಿನ ಸಪ್ಪೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ನಾಲ್ಕನೇ ದಿನಕ್ಕೆ ಅಭ್ಯಾಸವಾಯಿತು. ಯಾವುದೇ ಆಗಲಿ, ಮಾಡಿದ ತಕ್ಷಣ ತಿನ್ನಿ. 32 ಡಿಗ್ರಿ ದಾಟಿದ ಸೆಕೆಯಲ್ಲಿ ಹೆಚ್ಚಿದ ಹಣ್ಣು ಹೊರಗೆ ಒಂದು ಗಂಟೆಗಿಂತ ಹೆಚ್ಚು ಇದ್ದರೆ ಚೆಲ್ಲಿಬಿಡಿ.

ಇನ್ನು ಯಾರ ಬಟ್ಟಲು ಬೇರೆ ಇರಬೇಕು ಅನ್ನುವುದು. ಇದನ್ನು ದಯವಿಟ್ಟು ನಿಧಾನವಾಗಿ ಓದಿ.

ಹಾರ್ಟ್ ಫೇಲ್ಯೂರ್ ಇದ್ದು ಡಾಕ್ಟರ್ ದ್ರವದ ಮಿತಿ ಹೇಳಿರುವವರು ಬಟ್ಟಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅನ್ನ, ರೊಟ್ಟಿಯಲ್ಲಿರುವ ನೀರನ್ನು ಎಣಿಸುವುದು ಬೇಡ. ಆದರೆ ಕಲ್ಲಂಗಡಿ, ಐಸ್, ಸಾರು, ಮಜ್ಜಿಗೆಯನ್ನು ಎಣಿಸಿ. 150 ಮಿಲಿಯ ಒಂದು ಸಣ್ಣ ಬಟ್ಟಲು ಹ್ವಾಚೆ ಕೊಟ್ಟರೆ ಆ ದಿನದ ಬಾಟಲಿಯಿಂದ 150 ಮಿಲಿ ನೀರು ತೆಗೆದಿಡಿ. ಹಾಗೆಂದು ಮಿತಿ ಹೇಳದವರು ಇದನ್ನು ಓದಿ ನೀರು ಕಡಿಮೆ ಮಾಡಬೇಡಿ. ಬಿಸಿಲಿಗೆ ರಕ್ತನಾಳ ಹಿಗ್ಗಿ ಬಿಪಿ ತಾನೇ ಇಳಿಯುತ್ತದೆ. ಬಿಪಿ ಮಾತ್ರೆ, ಮೂತ್ರ ಹೋಗುವ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಬಾಯಾರಿಕೆಯೂ ಗೊತ್ತಾಗದೆ ಒಣಗಿ, ಎದ್ದು ನಿಂತಾಗ ತಲೆಸುತ್ತಿ ಬೀಳುವುದನ್ನು ಪ್ರತಿ ಮೇ ತಿಂಗಳಲ್ಲೂ ನೋಡುತ್ತೇನೆ. ತಲೆಸುತ್ತು ಶುರುವಾದರೆ ಮಾತ್ರೆಯ ಪ್ರಮಾಣ ಬದಲಿಸಬೇಕೇ ಎಂದು ಡಾಕ್ಟರನ್ನು ಕೇಳಿ, ನೀವೇ ನಿಲ್ಲಿಸಬೇಡಿ.

ಕಿಡ್ನಿ ತೊಂದರೆ ಇರುವವರಿಗೆ ಆತಂಕ ಪೊಟ್ಯಾಸಿಯಂದು. ಸ್ಪೈರೋನೊಲ್ಯಾಕ್ಟೋನ್, ಟೆಲ್ಮಿಸಾರ್ಟನ್, ರಾಮಿಪ್ರಿಲ್ ತೆಗೆದುಕೊಳ್ಳುವವರಲ್ಲೂ ಅದು ಏರಬಹುದು, ಕಿಡ್ನಿಯೂ ದುರ್ಬಲವಾಗಿದ್ದರೆ ಇನ್ನೂ ಹೆಚ್ಚು. 100 ಗ್ರಾಂ ಕಲ್ಲಂಗಡಿಯಲ್ಲಿ ಸುಮಾರು 110 ಮಿಲಿಗ್ರಾಂ, ಕರಬೂಜದಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು, ಬಾಳೆಯಲ್ಲಿ ಮೂರು ಪಟ್ಟು. ಕೆಲವರು ನೀರಿನ ಬದಲು ಎಳನೀರು ಸುರಿಯುತ್ತಾರೆ, ಒಂದು ಎಳನೀರಿನಲ್ಲೇ 500 ಮಿಲಿಗ್ರಾಂ ದಾಟಬಹುದು. ಪೊಟ್ಯಾಸಿಯಂ ಅತಿಯಾಗಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ, ಮುನ್ಸೂಚನೆಯೂ ಇಲ್ಲದೆ. ಇವರು ಕೊನೆಯ ರಕ್ತ ಪರೀಕ್ಷೆಯ ಚೀಟಿ ಹಿಡಿದು ಡಾಕ್ಟರನ್ನು ಕೇಳಿದ ಮೇಲೆಯೇ ತಿನ್ನಲಿ.

ಶುಗರ್ ಇರುವವರು ಜೇನು ಹಾಕುವ ಮೊದಲೇ ತಮ್ಮ ಬಟ್ಟಲನ್ನು ತೆಗೆದಿಟ್ಟುಕೊಳ್ಳಿ, ಹಣ್ಣು 100 ಗ್ರಾಂ ಸಾಕು, ಊಟದ ಮೇಲೆ ಬೇಡ.

ಚಕ್ಕೋತವನ್ನೂ ಕೆಲವರು ಹಾಕುತ್ತಾರೆ. ದೇವನಹಳ್ಳಿ ಚಕ್ಕೋತ ನನಗೂ ಪ್ರಾಣ. ಆದರೆ ಅದೇ ಜಾತಿಯ ಗ್ರೇಪ್‌ಫ್ರೂಟ್ ಕೊಲೆಸ್ಟರಾಲ್ ಮಾತ್ರೆಗಳಾದ ಅಟೋರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್ ರಕ್ತದಲ್ಲಿ ಹೆಚ್ಚಾಗಿ ಉಳಿಯುವಂತೆ ಮಾಡುತ್ತದೆ, ಚಕ್ಕೋತದಲ್ಲೂ ಅಂಥದೇ ವಸ್ತುಗಳಿವೆ. ಆ ಮಾತ್ರೆ ತೆಗೆದುಕೊಳ್ಳುವವರು ಕಿತ್ತಳೆ ಹಾಕಿಕೊಳ್ಳಿ. ಹಾಗೆಯೇ ಕೊರಿಯನ್ ಅಂಗಡಿಯಿಂದ ಓಮಿಜಾ ಸಿರಪ್ ತರಿಸುವವರ ಮನೆಯಲ್ಲಿ ಕಿಡ್ನಿ, ಲಿವರ್, ಹೃದಯ ಬದಲಿಸಿಕೊಂಡವರಿದ್ದರೆ ಅವರಿಗೆ ಕೊಡಬೇಡಿ. ಅವರು ನುಂಗುವ ಟ್ಯಾಕ್ರೋಲಿಮಸ್ ಔಷಧಿಯ ಮಟ್ಟವನ್ನು ಆ ಹಣ್ಣು ಏರಿಸಬಲ್ಲದು.

ಆ ಅಜ್ಜಿ ಈಗಲೂ ಹ್ವಾಚೆ ತಿನ್ನುತ್ತಾರೆ. ದೇವರ ಮನೆಯಲ್ಲಿದ್ದ ಒಂದು ಸಣ್ಣ ಬೆಳ್ಳಿ ಬಟ್ಟಲಿಗೆ ಮೊಮ್ಮಗಳು ನೀರು ತುಂಬಿ ಅಳೆದಿದ್ದಾಳೆ, ಸರಿಯಾಗಿ 120 ಮಿಲಿ ಹಿಡಿಯುತ್ತದಂತೆ. ಬೆಳಿಗ್ಗೆ ಶೌಚ ಮುಗಿಸಿ ತಿಂಡಿಗೆ ಮೊದಲು ಅಜ್ಜಿಯ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯುವುದೂ ಅವಳದೇ ಕೆಲಸ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ, ಕಾಲು ಊದಿದರೆ, ರಾತ್ರಿ ದಿಂಬು ಎತ್ತರ ಮಾಡಿಕೊಳ್ಳಬೇಕೆನಿಸಿದರೆ ಅಂದೇ ಫೋನ್ ಮಾಡಬೇಕು ಎಂದು ಹೇಳಿದ್ದೇನೆ. ಹೃದಯ ದುರ್ಬಲವಾಗಿರುವವರಿದ್ದರೆ ನಿಮ್ಮ ಮನೆಯ ಕ್ಯಾಲೆಂಡರಿನಲ್ಲೂ ಇದನ್ನು ಬರೆದಿಟ್ಟುಕೊಳ್ಳಿ.