ನಟನನ್ನು ತಡೆದರಂತೆ ಎಂದು ನಗುವ ಮುನ್ನ

ಯಾವುದೋ ದೇಶದ ವಿಮಾನ ನಿಲ್ದಾಣದಲ್ಲಿ, ಇಮಿಗ್ರೇಷನ್‌ನವರು ತನ್ನನ್ನು ತಾಸುಗಟ್ಟಲೆ ಕೂರಿಸಿದರು ಎಂದು ಹೆಸರಾಂತ ನಟನೋ ಗಾಯಕಿಯೋ ಬರೆದುಕೊಂಡರೆ ಸಾಕು, ಕ್ಷಣದಲ್ಲಿ ಜನ ಎರಡು ಪಾಳಯವಾಗಿಬಿಡುತ್ತಾರೆ. ‘ದೊಡ್ಡ ಮನುಷ್ಯ ಅಂತ ರತ್ನಗಂಬಳಿ ಹಾಸಬೇಕಿತ್ತಾ? ನಾವೆಲ್ಲ ಕ್ಯೂನಲ್ಲಿ ನಿಲ್ಲಲ್ವಾ?’ ಎಂದು ಒಂದು ಕಡೆಯವರು. ‘ಇದು ದೇಶಕ್ಕೇ ಆದ ಅವಮಾನ, ಅವರು ಇಲ್ಲಿಗೆ ಬಂದಾಗ ನಾವೂ ಹಾಗೇ ಮಾಡಬೇಕು’ ಎಂದು ಇನ್ನೊಂದು ಕಡೆಯವರು. ನಿಮ್ಮ ವಯಸ್ಸಿನವರು ಯಾವುದೋ ಒಂದು ಕಡೆ ಸೇರಿಕೊಂಡು, ನಾಲ್ಕು ಮಾತು ಬರೆದು, ಮುಂದಿನ ವಿಡಿಯೋ ನೋಡಲು ಹೋಗಿಬಿಡುವುದನ್ನು ಗಮನಿಸುತ್ತಲೇ ಇದ್ದೇನೆ. ಈ ವಿಷಯದಲ್ಲಿ ನಿಮ್ಮ ಕಿವಿಗೆ ಒಂದು ಮಾತು ಹಾಕಬೇಕು ಅನ್ನಿಸಿದೆ. ನಿಮ್ಮಲ್ಲಿ ಅನೇಕರು ಇವತ್ತಲ್ಲ ನಾಳೆ ಅಂಥ ಕೌಂಟರಿನ ಮುಂದೆ ನಿಲ್ಲುವವರು. ನಿಮ್ಮನ್ನು ನೋಡಲು ಬರುವ ಅಪ್ಪ ಅಮ್ಮನೂ ನಿಲ್ಲುವವರು.

ಶಾರುಖ್ ಖಾನ್ ಸಂಗತಿಯನ್ನೇ ನೋಡಿ. 2009ರ ಆಗಸ್ಟ್‌ನಲ್ಲಿ, ಸ್ವಾತಂತ್ರ್ಯ ದಿನಾಚರಣೆಯ ಕಾರ್ಯಕ್ರಮಕ್ಕೆಂದು ಹೋದ ಅವರನ್ನು ನ್ಯೂಜೆರ್ಸಿಯ ನ್ಯೂವಾರ್ಕ್ ನಿಲ್ದಾಣದಲ್ಲಿ ಪ್ರತ್ಯೇಕವಾಗಿ ಕೂರಿಸಿ ಪ್ರಶ್ನಿಸಿದರು. ಎರಡು ತಾಸು ಎಂದು ಅವರು ಹೇಳಿದರು, 66 ನಿಮಿಷ ಎಂದು ಅಮೆರಿಕದ ಇಲಾಖೆ ಹೇಳಿತು. ‘ಮೈ ನೇಮ್ ಈಸ್ ಖಾನ್’ ಚಿತ್ರ ತೆರೆಗೆ ಬರುವುದು ಬಾಕಿಯಿತ್ತು; ಇದೆಲ್ಲ ಪ್ರಚಾರದ ಗಿಮಿಕ್ ಎಂದವರಿಗೂ ಕೊರತೆಯಿರಲಿಲ್ಲ. ಆಗಿನ ಕೇಂದ್ರ ಸಚಿವೆ ಅಂಬಿಕಾ ಸೋನಿ, ಅಮೆರಿಕನ್ನರನ್ನು ನಾವೂ ಹಾಗೇ ತಪಾಸಣೆ ಮಾಡಬೇಕು ಎಂಬರ್ಥದ ಮಾತಾಡಿದರು. 2012ರ ಏಪ್ರಿಲ್‌ನಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಮಾತಾಡಲು ಹೋದಾಗ, ನ್ಯೂಯಾರ್ಕ್ ಬಳಿಯ ವೈಟ್ ಪ್ಲೇನ್ಸ್ ನಿಲ್ದಾಣದಲ್ಲಿ ಮತ್ತೆ ತಡೆದರು. 2016ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮತ್ತೊಮ್ಮೆ. ಅದರ ಬಗ್ಗೆ ಅವರು ಟ್ವೀಟ್ ಮಾಡಿದ್ದು ಆವಾಗ.

ಆ ಟ್ವೀಟನ್ನು ಸಮಾಧಾನವಾಗಿ ಓದಿದವರು ಕಡಿಮೆ. ಲೋಕ ಈಗ ಇರುವ ಸ್ಥಿತಿಯಲ್ಲಿ ಭದ್ರತೆ ಬೇಕು, ಅದನ್ನು ಗೌರವಿಸುತ್ತೇನೆ ಎಂದೇ ಅವರು ಶುರು ಮಾಡಿದ್ದರು. ಆದರೆ ಪ್ರತಿ ಸಲವೂ ತಡೆದು ಕೂರಿಸಿದರೆ ಬಹಳ ಬೇಸರವಾಗುತ್ತದೆ ಎಂದು ಮುಂದುವರಿಸಿದ್ದರು. ನಿಯಮ ಬೇಡ ಎಂದಾಗಲಿ, ತನಗೊಂದು ವಿನಾಯಿತಿ ಕೊಡಿ ಎಂದಾಗಲಿ ಅವರು ಕೇಳಿರಲಿಲ್ಲ. ಅಮೆರಿಕದ ರಾಯಭಾರಿ ರಿಚರ್ಡ್ ವರ್ಮಾ ಸಾರ್ವಜನಿಕವಾಗಿ ವಿಷಾದ ತಿಳಿಸಿದಾಗಲೂ, ನಿಯಮಕ್ಕಿಂತ ಮೇಲಿನವನೆಂದು ಭಾವಿಸಿಲ್ಲ ಎಂದೇ ಉತ್ತರಿಸಿದರು. ‘ನಿಯಮ ಎಲ್ಲರಿಗೂ ಒಂದೇ’ ಎಂದು ಬುದ್ಧಿ ಹೇಳಿದ ಸಾವಿರಾರು ಜನ, ಅವರು ಆಡದೇ ಇದ್ದ ಮಾತಿಗೆ ಉತ್ತರ ಕೊಡುತ್ತಿದ್ದರು. ‘ಪ್ರತಿ ಸಲವೂ ಯಾಕೆ?’ ಎಂಬ ಅವರ ನಿಜವಾದ ಪ್ರಶ್ನೆಗೆ ಯಾರೂ ಕಿವಿಗೊಡಲಿಲ್ಲ.

ಅದಕ್ಕೆ ಬಹುಮಟ್ಟಿನ ಉತ್ತರ ಇರುವುದು ಹೆಸರಿನಲ್ಲಿ. ಕೌಂಟರಿನ ಹಿಂದೆ ಕೂತ ಅಧಿಕಾರಿಯ ಪರದೆಯ ಮೇಲೆ, ನಿಗಾ ಪಟ್ಟಿಯಲ್ಲಿರುವ ಯಾರದೋ ಹೆಸರಿಗೆ ನಿಮ್ಮ ಹೆಸರು ಹೋಲುತ್ತದೆ ಎಂಬ ಸೂಚನೆ ಬಂದರೆ, ಆತ ನಿಮ್ಮನ್ನು ಎರಡನೇ ಹಂತದ ವಿಚಾರಣೆಗೆ ಕಳುಹಿಸಲೇಬೇಕು. ನಿಮ್ಮ ಮುಖ ನೋಡಿ ಒಳ್ಳೆಯವರೆಂದು ಬಿಟ್ಟು ಕಳುಹಿಸುವಂತಿಲ್ಲ. 2004ರಲ್ಲಿ ಅಮೆರಿಕದ ಸೆನೆಟರ್ ಎಡ್ವರ್ಡ್ ಕೆನಡಿಯವರಿಗೇ, ಅವರ ಹೆಸರನ್ನು ಹೋಲುವ ಹೆಸರೊಂದು ಪಟ್ಟಿಯಲ್ಲಿದ್ದ ಕಾರಣಕ್ಕೆ, ಸ್ವಂತ ದೇಶದಲ್ಲಿ ಮತ್ತೆ ಮತ್ತೆ ವಿಮಾನ ಹತ್ತಲು ತೊಂದರೆಯಾಯಿತು. ಅದನ್ನವರು ಸೆನೆಟ್‌ನಲ್ಲೇ ಹೇಳಿಕೊಂಡರು. ಅಂಥ ಮನೆತನದವರಿಗೇ ಹಾಗಾದರೆ, ಖಾನ್, ಅಹ್ಮದ್, ಹುಸೇನ್ ಎಂಬಂಥ ಕೋಟ್ಯಂತರ ಜನರಿಗಿರುವ ಹೆಸರು ಹೊತ್ತವರ ಪಾಡು ಏನು? 2016ರ ಅಕ್ಟೋಬರ್‌ನಲ್ಲಿ ಕಾಶ್ಮೀರದ ರಾಜಕಾರಣಿ ಒಮರ್ ಅಬ್ದುಲ್ಲಾ ಕೂಡ, ಅಮೆರಿಕದ ಮೂರು ಭೇಟಿಯಲ್ಲಿ ಮೂರೂ ಸಲ ತನ್ನನ್ನು ಎರಡನೇ ವಿಚಾರಣೆಗೆ ಕೂರಿಸಿದರು ಎಂದು ಬರೆದರು. ನಿಯಮ ಕಾಗದದ ಮೇಲೆ ಎಲ್ಲರಿಗೂ ಒಂದೇ ಇರಬಹುದು. ಅದರ ಭಾರ ಎಲ್ಲರ ಹೆಗಲ ಮೇಲೂ ಒಂದೇ ಸಮ ಬೀಳುವುದಿಲ್ಲ. ನಗುವ ಮುಂಚೆ ಇದೊಂದು ನಿಮಗೆ ಗೊತ್ತಿರಲಿ.

ಶಾರುಖ್ ಅವರನ್ನು ವೈಟ್ ಪ್ಲೇನ್ಸ್‌ನಲ್ಲಿ ತಡೆದ 2012ರಲ್ಲಿ ವಿದೇಶಾಂಗ ಸಚಿವರಾಗಿದ್ದವರು ನಮ್ಮ ಮದ್ದೂರಿನ ಕಡೆಯ ಎಸ್.ಎಂ. ಕೃಷ್ಣ. ಯೌವನದಲ್ಲಿ ಅಮೆರಿಕದಲ್ಲೇ ಕಾನೂನು ಓದಿ ಬಂದವರು, ಆ ದೇಶದ ಮೇಲೆ ಅವರಿಗೆ ದ್ವೇಷವೇನೂ ಇರಲಿಲ್ಲ. ತಡೆಯುವುದು, ಆಮೇಲೆ ಕ್ಷಮೆ ಕೇಳುವುದು, ಹೀಗೇ ನಡೆಸಿಕೊಂಡು ಹೋಗಲಾಗದು ಎಂದು ಅವರು ಗಟ್ಟಿಯಾಗಿಯೇ ಹೇಳಿದರು. ವಾಷಿಂಗ್ಟನ್ನಿನಲ್ಲಿ ರಾಯಭಾರಿಯಾಗಿದ್ದ ನಿರುಪಮಾ ರಾವ್ ಅವರ ಮೂಲಕ ವಿಷಯವನ್ನು ಅಲ್ಲಿನ ಸರ್ಕಾರದ ಮುಂದಿಟ್ಟರು. ಅವರ ಅಸಮಾಧಾನ ಪದ್ಧತಿಯ ಮೇಲಿತ್ತೇ ಹೊರತು ಕೌಂಟರಿನಲ್ಲಿ ಕೂತ ನೌಕರನ ಮೇಲಿರಲಿಲ್ಲ. ನನಗೆ ಈ ಇಡೀ ಪ್ರಸಂಗದಲ್ಲಿ ಸರಿಯಾಗಿ ಕಂಡ ಪ್ರತಿಕ್ರಿಯೆ ಅದೇ. ಸೇಡಿಗೆ ಸೇಡು ಎಂದು ಬೆಂಗಳೂರಿಗೆ ಬಂದಿಳಿದ ಯಾರೋ ಮುದುಕ ಪ್ರವಾಸಿಯನ್ನು ಗಂಟೆಗಟ್ಟಲೆ ನಿಲ್ಲಿಸಿದರೆ ಯಾರ ಮಾನ ವಾಪಸು ಬರುತ್ತದೆ?

ಇನ್ನು ಆ ಕ್ಷಮೆಯ ವಿಷಯ. ನಟನಿಗೆ ರಾಯಭಾರಿಯೇ ಸಮಾಧಾನ ಹೇಳಿದರು. ಅದೇ ಕೋಣೆಯಲ್ಲಿ ಅವರ ಪಕ್ಕ ಕೂತಿದ್ದವರಿಗೆ ಯಾರು ಹೇಳಿದರು?

ಆ ಕೋಣೆ ಹೇಗಿರುತ್ತದೆ ಎಂದು ನಮ್ಮ ಬಳಗದ ಹಿರಿಯ ಹೆಣ್ಣುಮಗಳೊಬ್ಬರು ನನಗೆ ಹೇಳಿದ್ದರು. ಮೈಸೂರಿನವರು. ಮಗಳ ಬಾಣಂತನಕ್ಕೆ ಹೊರಟವರು. ಅಂಟಿನುಂಡೆ, ಮೆಣಸಿನ ಪುಡಿ ಎಂದು ಪೆಟ್ಟಿಗೆ ತುಂಬಿಕೊಂಡಿದ್ದವರು. ಸಾಲಾಗಿ ಕುರ್ಚಿಗಳು, ಎದುರಿಗೆ ಎತ್ತರದ ಕಟ್ಟೆ, ಕಟ್ಟೆಯ ಹಿಂದೆ ಅಧಿಕಾರಿಗಳು, ಗೋಡೆಯ ಮೇಲೆ ಫೋನ್ ಬಳಸಬಾರದೆಂಬ ಫಲಕ. ಪಾಸ್‌ಪೋರ್ಟ್ ಅವರ ಕೈಯಲ್ಲಿಲ್ಲ, ಕಟ್ಟೆಯ ಮೇಲಿನ ಫೋಲ್ಡರಿನಲ್ಲಿ ಇದೆ. ಅಧಿಕಾರಿ ಯಾರದೋ ಹೆಸರು ಹಿಡಿದು ಕೂಗುತ್ತಲೇ ಇದ್ದಾರೆ, ಯಾರೂ ಏಳುತ್ತಿಲ್ಲ. ಕೊನೆಗೆ ಪಕ್ಕದಲ್ಲಿದ್ದ ವಿದ್ಯಾರ್ಥಿಯೊಬ್ಬ ಇವರ ಬೋರ್ಡಿಂಗ್ ಪಾಸ್ ನೋಡಿ ‘ಆಂಟಿ, ಕರೀತಿರೋದು ನಿಮ್ಮನ್ನೇ’ ಎಂದ. ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ಇದ್ದದ್ದು ಅವರ ಗಂಡನ ಹೆಸರು. ಆ ಹೆಸರನ್ನು ಅಮೆರಿಕದವರ ಬಾಯಲ್ಲಿ ಕೇಳಿ ಅದು ತನ್ನದೆಂದು ಆಕೆಗೆ ಹೊಳೆಯಲೇ ಇಲ್ಲ. ಹೋಗಿ ನಿಂತ ಮೇಲೆ ಕೇಳಿದ್ದು ಮಗಳ ಮನೆ ವಿಳಾಸ. ವಿಳಾಸ ಇದ್ದದ್ದು ಫೋನಿನಲ್ಲಿ. ಅದನ್ನು ತೆಗೆಯಲು ಆಕೆಗೆ ಹೆದರಿಕೆ. ಹೊರಗೆ ಅಳಿಯ ಕಾಯುತ್ತಿದ್ದಾನೆ, ತಾನು ಬರಲೇ ಇಲ್ಲವೆಂದು ಹೊರಟುಹೋದರೆ ಗತಿಯೇನು ಎಂಬ ಚಿಂತೆ. ಅಧಿಕಾರಿ ಒರಟಾಗಿ ನಡೆದುಕೊಳ್ಳಲಿಲ್ಲ, ಕೈ ಸನ್ನೆಯಲ್ಲೇ ಫೋನ್ ತೆಗೆಯಲು ಹೇಳಿ, ವಿಳಾಸ ನೋಡಿ ಮುದ್ರೆ ಒತ್ತಿ ಕಳಿಸಿದರು. ಆದರೂ ಅಲ್ಲಿ ಕೂತಿದ್ದ ಹೊತ್ತಿನ ನಡುಕವನ್ನು ಆಕೆ ಇವತ್ತಿಗೂ ಮರೆತಿಲ್ಲ. ಆಕೆ ಯಾವ ಟ್ವೀಟೂ ಮಾಡಲಿಲ್ಲ.

ಹೆಸರಾಂತರು ಬಾಯಿ ಬಿಟ್ಟಾಗ, ಹೀಗೆ ಬಾಯಿಲ್ಲದವರ ಅನುಭವವೂ ಅಷ್ಟೋ ಇಷ್ಟೋ ಹೊರಬರುತ್ತದೆ. ಆ ಕಾರಣಕ್ಕೇ ಅವರ ದೂರನ್ನು ಹಗುರವಾಗಿ ತಳ್ಳಿಹಾಕಬೇಡಿ ಎನ್ನುತ್ತೇನೆ. ಅವರ ಮೇಲೆ ಕನಿಕರ ಪಡಿ ಎಂದು ಒತ್ತಾಯವಿಲ್ಲ.

‘ಕಲಾಂ ಅವರನ್ನು ನೋಡಿ ಕಲಿಯಲಿ’ ಎಂಬ ಮಾತೂ ಪ್ರತಿ ಸಲ ಬರುತ್ತದೆ. 2011ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ, ವಿಮಾನದೊಳಗೆ ಕೂತಿದ್ದ ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರ ಕೋಟು, ಬೂಟು ತೆಗೆದುಕೊಂಡು ಹೋಗಿ ತಪಾಸಣೆ ಮಾಡಿದರು. ಅವರು ಗಲಾಟೆ ಮಾಡಲಿಲ್ಲ ನಿಜ. ಆದರೆ ಅವರ ಪರವಾಗಿ ನಮ್ಮ ಸರ್ಕಾರ ಪ್ರತಿಭಟಿಸಿತು, ಅಮೆರಿಕ ಕ್ಷಮೆ ಕೇಳಿತು. ದೂರು ಹೇಳಲು ಒಂದು ಸರ್ಕಾರವೇ ಬೆನ್ನಿಗಿದ್ದವರ ಮೌನವನ್ನು ತೋರಿಸಿ ಮಿಕ್ಕವರೂ ಸುಮ್ಮನಿರಲಿ ಎನ್ನುವುದು ಸರಿಯಲ್ಲ. ಅದೂ ಅಲ್ಲದೆ, ಕಲಾಂ ಅವರಿಗಾದದ್ದು ಇಮಿಗ್ರೇಷನ್ನೇ ಅಲ್ಲ, ಭದ್ರತಾ ತಪಾಸಣೆ. ನಮ್ಮಲ್ಲೂ ಬ್ಯಾಗು ಮೈ ತಪಾಸಣೆ ಮಾಡುವವರು ಸಿಐಎಸ್‌ಎಫ್‌ನವರು, ಪಾಸ್‌ಪೋರ್ಟ್ ನೋಡುವವರು ಗೃಹ ಸಚಿವಾಲಯದ ಇಮಿಗ್ರೇಷನ್ ಬ್ಯೂರೋದವರು, ತಂದ ಸಾಮಾನು ನೋಡುವವರು ಕಸ್ಟಮ್ಸ್‌ನವರು. ಇವರಲ್ಲಿ ಒಬ್ಬರು ಮಾಡಿದ್ದಕ್ಕೆ ಟಿಕೆಟ್ ಮಾರಿದ ಏರ್‌ಲೈನ್‌ನವರನ್ನು ಬೈದು ಬರೆದವರನ್ನು ಬೇಕಾದಷ್ಟು ಕಂಡಿದ್ದೇನೆ. ಯಾರ ಮೇಲೆ ದೂರು ಎಂದು ಮೊದಲು ತಿಳಿದುಕೊಳ್ಳಿ.

ಇನ್ನೊಂದು ವಿಷಯ ನಿಮಗೇ ನೇರವಾಗಿ ತಟ್ಟುವಂಥದ್ದು. 2019ರಿಂದ ಅಮೆರಿಕದ ವೀಸಾ ಅರ್ಜಿಯಲ್ಲಿ, ಹಿಂದಿನ ಐದು ವರ್ಷ ನೀವು ಬಳಸಿದ ಸೋಷಿಯಲ್ ಮೀಡಿಯಾ ಖಾತೆಗಳ ಹೆಸರು ಕೇಳುತ್ತಾರೆ. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕುವವರು ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಡಿಸೆಂಬರ್‌ನಿಂದ ಎಚ್-1ಬಿ, ಎಚ್-4ನವರಿಗೂ ಅದು ಬಂತು. ಮಧ್ಯರಾತ್ರಿ ನಟನ ಪರವಾಗಿಯೋ ವಿರುದ್ಧವಾಗಿಯೋ ಸಿಟ್ಟಿನಲ್ಲಿ ಬರೆದ ಬೆದರಿಕೆಯ ಮಾತು, ಒಂದು ಜನಾಂಗವನ್ನೇ ಹೀಯಾಳಿಸಿದ ಮಾತು ನಿಮ್ಮ ಹೆಸರಿನಲ್ಲೇ ಅಲ್ಲಿ ಉಳಿದಿರುತ್ತದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಹೆದರಿ ಬಾಯಿ ಮುಚ್ಚಿಕೊಂಡಿರಿ ಎಂದು ಖಂಡಿತ ಹೇಳುತ್ತಿಲ್ಲ. ಅನ್ಯಾಯ ಕಂಡರೆ ಬರೆಯಬೇಕು. ಎದುರಿಗೆ ಕೂತ ಅಧಿಕಾರಿ ಅದನ್ನೇ ಓದಿ ‘ಇದು ನೀವು ಬರೆದದ್ದಾ?’ ಎಂದರೆ ‘ಹೌದು, ನಾನೇ’ ಎನ್ನುವ ಧೈರ್ಯ ಇರುವಂಥದ್ದನ್ನು ಬರೆಯಿರಿ.

ಲಕ್ಷಾಂತರ ಜನರು ಹಿಂಬಾಲಿಸುವವರಿಗೂ ನನ್ನದೊಂದು ಮನವಿ. ನಿಮ್ಮನ್ನು ತಡೆದ ಕಿರಿಯ ನೌಕರನ ಹೆಸರು, ಫೋಟೋ ಹಾಕಬೇಡಿ. ನಿಮ್ಮ ಅಭಿಮಾನಿಗಳು ಆ ಮನುಷ್ಯನ ಮನೆಯವರನ್ನೂ ಬಿಡುವುದಿಲ್ಲ. ಇಮಿಗ್ರೇಷನ್ ಜಾಗದಲ್ಲಿ ಚಿತ್ರ ತೆಗೆಯುವುದಕ್ಕೂ ಸಾಮಾನ್ಯವಾಗಿ ನಿಷೇಧವಿದೆ. ನಡೆದದ್ದನ್ನಷ್ಟೇ ಬರೆಯಿರಿ, ಅದಕ್ಕೇ ಸಾಕಷ್ಟು ಬಲವಿದೆ.

ಮನೆಯ ಹಿರಿಯರನ್ನು ವಿಮಾನ ಹತ್ತಿಸುವಾಗ ಇಷ್ಟು ಮಾಡಿ. ಹೋಗುವ ಮನೆಯ ವಿಳಾಸ, ಫೋನ್ ನಂಬರ್, ವಾಪಸು ಟಿಕೆಟ್ ಇವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಪಾಸ್‌ಪೋರ್ಟಿನ ಜೊತೆ ಇಡಿ. ಪಾಸ್‌ಪೋರ್ಟಿನಲ್ಲಿ ಹೆಸರು ಯಾವ ಕ್ರಮದಲ್ಲಿದೆ, ಅಲ್ಲಿ ಹೇಗೆ ಕೂಗಬಹುದು ಎಂದು ಮನೆಯಲ್ಲೇ ಕೂಗಿ ತೋರಿಸಿ. ಇನಿಷಿಯಲ್ಲು, ಊರ ಹೆಸರು, ಅಪ್ಪನ ಹೆಸರು ಎಂದು ನಾವು ಹೆಸರು ಇಟ್ಟುಕೊಳ್ಳುವ ರೀತಿಯೇ ಬೇರೆ, ಅವರ ಫಾರಂ ಕೇಳುವುದೇ ಬೇರೆ. ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಷ್ಟೇ ಇದ್ದವರಿಗೆ ಯುಎಇಯವರು 2022ರ ನವೆಂಬರ್‌ನಲ್ಲಿ ಭೇಟಿ ವೀಸಾ ನಿರ್ಬಂಧಿಸಿದಾಗ ದುಬೈಗೆ ಹೊರಟ ಎಷ್ಟೋ ಜನ ಪರದಾಡಿದರು. ಇಂಗ್ಲಿಷ್ ಬಾರದಿದ್ದರೆ ನಾಚಿಕೆ ಬೇಡ, ಕನ್ನಡ ಎಂದು ಹೇಳಿ ದುಭಾಷಿಯ ನೆರವು ಕೇಳಬಹುದು ಎಂದು ಧೈರ್ಯ ಹೇಳಿ. ವೀಸಾ ಇದ್ದಮಾತ್ರಕ್ಕೆ ಒಳಗೆ ಬಿಡುವುದು ಖಾತ್ರಿಯಲ್ಲ, ಎಷ್ಟು ದಿನ ಇರಬಹುದೆಂದು ತೀರ್ಮಾನಿಸುವವರು ಕೌಂಟರಿನಲ್ಲಿರುವವರೇ. ಇದನ್ನೂ ಮೊದಲೇ ತಿಳಿಸಿಬಿಡಿ, ಅಲ್ಲಿ ಹೋಗಿ ಗಾಬರಿಯಾಗುವುದು ತಪ್ಪುತ್ತದೆ.

ಹೆಸರಿನ ಹೋಲಿಕೆಯಿಂದ ಮತ್ತೆ ಮತ್ತೆ ಸಿಕ್ಕಿಬೀಳುವವರಿಗೆ ಅಮೆರಿಕದ ಗೃಹಭದ್ರತಾ ಇಲಾಖೆ 2007ರಲ್ಲಿ ‘ಡಿಎಚ್‌ಎಸ್ ಟ್ರಿಪ್’ ಎಂಬ ವ್ಯವಸ್ಥೆ ತಂದಿದೆ. ಅರ್ಜಿ ಹಾಕಿದರೆ ಒಂದು ರಿಡ್ರೆಸ್ ನಂಬರ್ ಕೊಡುತ್ತಾರೆ, ಮುಂದೆ ಟಿಕೆಟ್ ಬುಕ್ ಮಾಡುವಾಗ ಅದನ್ನು ನಮೂದಿಸಬೇಕು. ಎಲ್ಲ ತೊಂದರೆಯೂ ಅದರಿಂದ ತಪ್ಪೀತು ಎಂದೇನಿಲ್ಲ, ಆದರೆ ನೀವು ಆ ಪಟ್ಟಿಯವರಲ್ಲ ಎಂಬುದು ದಾಖಲೆಯಾಗುತ್ತದೆ. ಇಂಥದ್ದೊಂದು ಇದೆ ಎಂಬುದೇ ನಮ್ಮವರಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ನಟನ ಪೋಸ್ಟಿನ ಕೆಳಗಿನ ಅಷ್ಟೊಂದು ಬೈಗುಳದ ನಡುವೆ ಇದನ್ನು ಯಾರೂ ಹೇಳಿರುವುದಿಲ್ಲ.

ಮುಂದಿನ ಸಲ ಅಂಥದ್ದೊಂದು ಸುದ್ದಿ ಬಂದಾಗ ನೀವು ಅದನ್ನೇ ಬರೆಯಿರಿ. ನಿಮ್ಮನ್ನೂ ಹಾಗೆ ತಡೆದಿದ್ದರೆ ಯಾವ ನಿಲ್ದಾಣ, ಏನು ಕೇಳಿದರು, ಯಾವ ಕಾಗದ ಕೆಲಸಕ್ಕೆ ಬಂತು, ಎಷ್ಟು ಹೊತ್ತಾಯಿತು, ಆಮೇಲೆ ಎಲ್ಲಿ ದೂರು ಕೊಟ್ಟಿರಿ ಎಂಬುದನ್ನು ಕನ್ನಡದಲ್ಲೇ, ಬಿಡಿಸಿ ಬರೆಯಿರಿ. ಸಾವಿರ ಕಾಮೆಂಟು ದಾಟಿಕೊಂಡು ಬಂದು ಅದನ್ನು ಓದುವವರು ಇದ್ದೇ ಇರುತ್ತಾರೆ: ನಾಳೆಯ ವಿಮಾನಕ್ಕೆ ಅಪ್ಪ ಅಮ್ಮನನ್ನು ಹತ್ತಿಸಬೇಕಾದವರು.