ಟರ್ಬೊ ಇಂಜಿನ್ನಿಗೆ ಯಾವ ಪಿಸ್ಟನ್? ಅರಸೀಕೆರೆಯ ಶೆಡ್ಡಿನಲ್ಲಿ ಕಲಿತದ್ದು

ಅರಸೀಕೆರೆಯಿಂದ ಬಾಣಾವರ, ಜಾವಗಲ್, ಹಳೇಬೀಡು ದಾಟಿ ಬೇಲೂರಿಗೆ ಹೋಗುವ ದಾರಿಯಲ್ಲಿ ಕೊಬ್ಬರಿ, ತೆಂಗಿನಕಾಯಿ, ಕಾಫಿ ಮೂಟೆ ಹೊತ್ತು ಓಡುವ ಟರ್ಬೊ ಡೀಸೆಲ್ ಪಿಕಪ್ಪುಗಳೇ ನನಗೆ ಅನ್ನ ಕೊಟ್ಟಿವೆ. ಈಚೆಗೆ ಟರ್ಬೊ ಪೆಟ್ರೋಲ್ ಕಾರುಗಳೂ ಬರುತ್ತಿವೆ. ಇಂಜಿನ್ ಬಿಚ್ಚಿದ ಕೂಡಲೇ ಮಾಲೀಕರು ಹೇಳುವುದು ಒಂದೇ ಮಾತು: "ಅಣ್ಣಾ, ಯಾವುದು ಗಟ್ಟಿನೋ ಅದನ್ನೇ ಹಾಕಿಬಿಡಿ." ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ.

1. ಹೊಸ ಲೋಹ ಹುಡುಕುವ ಮೊದಲು ಸತ್ತ ಪಿಸ್ಟನ್ ನೋಡಬೇಕು.

ಕೊಬ್ಬರಿ ಸಾಗಿಸುವ ಪಿಕಪ್ ಒಂದರಲ್ಲಿ ಪಿಸ್ಟನ್ನಿನ ತಲೆ ಕರಗಿ ಕುಳಿ ಬಿದ್ದಿತ್ತು. ಮಾಲೇ ಸರಿಯಿಲ್ಲ ಎಂದು ತೀರ್ಮಾನಿಸಿ ಹೊಸ ಸೆಟ್ ಕೂರಿಸಿದೆ. ಸ್ವಲ್ಪ ದಿನಕ್ಕೆ ಅದೇ ಸಿಲಿಂಡರಿನಲ್ಲಿ ಅದೇ ಜಾಗ ಮತ್ತೆ ಕರಗಿತು. ಆಮೇಲೆ ನಾಜಲ್ ಬಿಚ್ಚಿ ಪರೀಕ್ಷೆಗೆ ಕಳಿಸಿದರೆ ಡೀಸೆಲ್ ಸಣ್ಣಗೆ ಚಿಮ್ಮುವ ಬದಲು ತೊಟ್ಟಿಕ್ಕುತ್ತಿತ್ತು, ಪಿಸ್ಟನ್ನಿನ ತಲೆಯ ಮೇಲೇ ಉರಿಯುತ್ತಿತ್ತು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ. ಶೇ. 12ರಷ್ಟು ಸಿಲಿಕಾನ್ ಬೆರೆತ ಪಿಸ್ಟನ್ ಲೋಹವಾದರೋ 580 ಮುಟ್ಟುವ ಮೊದಲೇ ಕರಗತೊಡಗುತ್ತದೆ. 300ರ ಆಸುಪಾಸಿನಲ್ಲೇ ಅದರ ಬಲ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ಉರಿಯುವ ಅನಿಲದ ಬಿಸಿ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ರಿಂಗುಗಳೂ ಕೆಳಗಿನಿಂದ ಚಿಮ್ಮುವ ಆಯಿಲ್ಲೂ ಶಾಖವನ್ನು ಹೊರಗೆಳೆಯುವುದರಿಂದಲೇ ಪಿಸ್ಟನ್ ಬದುಕುತ್ತದೆ. ಎರಡನೇ ಸಲದ ಕೂಲಿ ನಾನು ಮುಟ್ಟಲಿಲ್ಲ. ಆದರೆ ಬಿಡಿಭಾಗದ ದುಡ್ಡು, ಗಾಡಿ ನಿಂತ ದಿನಗಳ ಬಾಡಿಗೆ ಆ ಮಾಲೀಕರ ತಲೆಗೇ ಬಂತು. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

2. ಎರಕದ ಪಿಸ್ಟನ್ ಎಂದರೆ ಕಳಪೆ ಅಲ್ಲ.

ಫೋರ್ಜ್ಡ್ (ಒತ್ತಿ ಬಡಿದು ರೂಪಿಸಿದ್ದು) ಎಂಬ ಹೆಸರಿಗೆ ಮರುಳಾಗಿ ಒಂದು ಡೀಸೆಲ್ ಇಂಜಿನ್ನಿಗೆ ಅಂಥ ಸೆಟ್ ತರಿಸಿದೆ. ಹಳೆಯ ಎರಕದ ಪಿಸ್ಟನ್ನಿನ ಮೇಲಿನ ಗ್ರೂವಿನಲ್ಲಿ ನಿಕಲ್ ಬೆರೆತ ಕಬ್ಬಿಣದ ಬಳೆ ಕೂತಿತ್ತು, ಹೊಸದರಲ್ಲಿ ಇರಲಿಲ್ಲ. ಆ ವ್ಯತ್ಯಾಸವನ್ನು ಕಣ್ಣಾರೆ ಕಂಡೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಡೀಸೆಲ್ಲಿನ ಒತ್ತಡದಲ್ಲಿ ಮೇಲಿನ ರಿಂಗ್ ಬಡಿದು ಬಡಿದು ಗ್ರೂವ್ ಅಗಲವಾಯಿತು, ಗಾಡಿ ಆಯಿಲ್ ಕುಡಿಯತೊಡಗಿತು. ಕಂಪನಿಯಿಂದ ಬರುವ ಒಳ್ಳೆಯ ಡೀಸೆಲ್ ಪಿಸ್ಟನ್ನಿನಲ್ಲಿ ಆ ಬಳೆಯ ಜೊತೆಗೆ ತಲೆಯೊಳಗೆ ಆಯಿಲ್ ಹರಿಯುವ ಸುರಂಗವೂ ಇರುತ್ತದೆ. ಇವೆರಡನ್ನೂ ಎರಕದಲ್ಲಿ ಕೂರಿಸುವುದು ಸುಲಭ. ಹಳೇಬೀಡಿನ ಶಿಲ್ಪಿಗಳು ಸೂಕ್ಷ್ಮ ಕೆತ್ತನೆಗೆ ಗ್ರಾನೈಟ್ ಬಿಟ್ಟು ಬಳಪದ ಕಲ್ಲು ಆರಿಸಿಕೊಂಡದ್ದೂ ಹೀಗೇ, ಕೆಲಸ ನೋಡಿ. ಲೋಡ್ ಹೊರುವ ಡೀಸೆಲ್ ಗಾಡಿಗೆ ಕಂಪನಿಯ ಎರಕದ ಪಿಸ್ಟನ್ನನ್ನೇ ನಾನು ಈಗ ಹಾಕುವುದು.

3. 4032, 2618 ಎಂಬ ಅಲ್ಯೂಮಿನಿಯಂ ಮಿಶ್ರಲೋಹಗಳ ಪಿಸ್ಟನ್ ಎರಡೂ ಫೋರ್ಜ್ಡ್, ಆದರೆ ಸ್ವಭಾವ ಬೇರೆ.

ಬೇಲೂರಿನ ಹುಡುಗನೊಬ್ಬ ಟರ್ಬೊ ಪೆಟ್ರೋಲ್ ಕಾರಿನ ಬೂಸ್ಟ್ (ಟರ್ಬೊ ಗಾಳಿ ತುಂಬುವ ಒತ್ತಡ) ಏರಿಸಿಕೊಂಡು 2618 ಪಿಸ್ಟನ್ ತಂದುಕೊಟ್ಟ. ಕಾನ್ಕಾರ್ಡ್ ವಿಮಾನದ ಮೈಗೂ ಈ ಬಗೆಯ ಲೋಹವನ್ನೇ ಬಳಸಿದ್ದರು. ಬಿಸಿಯಲ್ಲಿ ಗಟ್ಟಿ, ಪೆಟ್ಟು ಬಿದ್ದರೆ ಒಡೆಯುವ ಬದಲು ಬಾಗುತ್ತದೆ. ಆದರೆ ಇದರಲ್ಲಿ ಸಿಲಿಕಾನ್ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಹಿಗ್ಗುವುದು ಜಾಸ್ತಿ. 80 ಮಿ.ಮೀ. ವ್ಯಾಸದ ತುಂಡು 100 ಡಿಗ್ರಿ ಬಿಸಿಯೇರಿದರೆ ಎರಕದ ಕಬ್ಬಿಣ ಸುಮಾರು 0.09 ಮಿ.ಮೀ. ಹಿಗ್ಗುತ್ತದೆ, 4032 ಸುಮಾರು 0.15, 2618 ಸುಮಾರು 0.18. ನಾನು ಹಳೆಯ ಪಿಸ್ಟನ್ನಿಗೂ ಬೋರಿಗೂ ನಡುವೆ ಇದ್ದ ಕ್ಲಿಯರೆನ್ಸಿಗೇ (ಅಂತರಕ್ಕೇ) ಬೋರ್ ಮಾಡಿಸಿದ್ದೆ. ಇಂಜಿನ್ ಕಾದು ಪಿಸ್ಟನ್ ಹಿಡಿದುಕೊಂಡಿತು, ಬೋರಿಗೆ ಗೀರು ಬಿತ್ತು. ತಯಾರಕರು ಕೊಟ್ಟ ಕ್ಲಿಯರೆನ್ಸ್ ಚೀಟಿ ಡಬ್ಬಿಯಲ್ಲೇ ಇತ್ತು, ನಾನು ಓದಿರಲಿಲ್ಲ. ಸರಿಯಾದ ಅಂತರ ಕೊಟ್ಟ ಮೇಲೂ ಚಳಿಯ ಬೆಳಗಿನಲ್ಲಿ ಕಾಯುವ ತನಕ ಟಕಟಕ ಸದ್ದು. ದಿನಾ ಆಫೀಸಿಗೆ, ಪೇಟೆಗೆ ಓಡಿಸುವ ಕಾರಿಗೆ, ಬೂಸ್ಟ್ ಮಿತವಾಗಿದ್ದರೆ, ಶೇ. 12ರಷ್ಟು ಸಿಲಿಕಾನ್ ಇರುವ 4032 ಒಳ್ಳೆಯದು: ಅಂತರ ಕಡಿಮೆ ಸಾಕು, ಸದ್ದಿಲ್ಲ, ಸವೆತವೂ ಕಡಿಮೆ. 2618 ಬೂಸ್ಟ್ ಬಹಳ ಏರಿಸಿದವರಿಗೆ.

4. ನಾಕಿಂಗ್ ಇರುವ ಇಂಜಿನ್ನಿಗೆ ಗಡಸು ಲೋಹ ಬೇಡ.

ಶೇ. 16ರಿಂದ 18 ಸಿಲಿಕಾನ್ ಇರುವ ಎರಕದ ಪಿಸ್ಟನ್ ಬೇಗ ಸವೆಯುವುದಿಲ್ಲ, ಹೆಚ್ಚು ಹಿಗ್ಗುವುದೂ ಇಲ್ಲ. ಆದರೆ ಪೆಡಸು. ಬೂಸ್ಟ್ ಏರಿಸಿ ಟ್ಯೂನಿಂಗ್ ತಪ್ಪಿದ ಇಂಜಿನ್ನಿನಲ್ಲಿ, ಇಂಧನ ತಾನಾಗಿ ಸಿಡಿಯುವ ಈ ನಾಕಿಂಗಿನ ಪೆಟ್ಟಿಗೆ, ರಿಂಗುಗಳ ನಡುವಿನ ಏಣು ಮುರಿದು ಬರುವುದನ್ನು ಕಂಡಿದ್ದೇನೆ.

5. ರಿಂಗ್ ಗ್ಯಾಪ್ ಕೂಡ ಬದಲಾಗುತ್ತದೆ.

ಟರ್ಬೊ ಶಾಖಕ್ಕೆ ಗ್ಯಾಪ್ ಹೆಚ್ಚು ಬೇಕು. ಕಡಿಮೆಯಾದರೆ ರಿಂಗಿನ ಎರಡು ತುದಿ ಒಂದಕ್ಕೊಂದು ತಾಗಿ ಬೋರನ್ನು ಕೆರೆಯುತ್ತವೆ, ಪಿಸ್ಟನ್ ಎಷ್ಟೇ ದುಬಾರಿಯದಾಗಿರಲಿ.

ನಿಮ್ಮ ಗಾಡಿಯ ಇಂಜಿನ್ ಎಲ್ಲೇ ಬಿಚ್ಚಲಿ, ಹಳೆಯ ಪಿಸ್ಟನ್ನುಗಳನ್ನು ಗುಜರಿಗೆ ಹಾಕಲು ಬಿಡಬೇಡಿ. ಯಾವುದು ಯಾವ ಸಿಲಿಂಡರಿನದು ಎಂದು ಗುರುತು ಹಾಕಿಸಿ ಇಟ್ಟುಕೊಳ್ಳಿ. ಹೊಸ ಸೆಟ್ಟಿಗೆ ದುಡ್ಡು ಕೊಡುವ ಮೊದಲು ಹಳೆಯದು ಯಾಕೆ ಹೋಯಿತೆಂದು ಮೆಕ್ಯಾನಿಕ್ಕನ್ನು ಕೇಳಿ.