ಮುಗ್ಗಲು ವಾಸನೆ ಮನೆಯವರಿಗೇಕೆ ತಿಳಿಯುವುದಿಲ್ಲ?

ಪಾರ್ಚ್‌ಮೆಂಟ್ ಚೀಲಗಳನ್ನು ಪೇರಿಸಿಟ್ಟ ಕೋಣೆಗೆ ಮುಗ್ಗಲು ಹಿಡಿದಿದ್ದರೂ, ದಿನವೂ ಅಲ್ಲೇ ಓಡಾಡುವ ಮನೆಯವರಿಗೆ ಅದು ತಿಳಿಯುವುದಿಲ್ಲ. ಹೊರಗಿನಿಂದ ಬಂದ ವ್ಯಾಪಾರಿ ಬಾಗಿಲಲ್ಲೇ ಮೂಗು ಮುರಿದು ದರ ಇಳಿಸುತ್ತಾನೆ. ನಾವು ಅದನ್ನು ಚೌಕಾಸಿಯ ತಂತ್ರವೆಂದು ಬಗೆಯುತ್ತೇವೆ. ತಂತ್ರವೇ ಇರಬಹುದು, ಆದರೆ ಆ ಹೊತ್ತಿನಲ್ಲಿ ನಮ್ಮ ಮೂಗನ್ನು ಸಾಕ್ಷಿಗೆ ಕರೆಯುವಂತಿಲ್ಲ. ಇದಕ್ಕೆ ಕಾರಣ ಮಿದುಳಿನಲ್ಲಿದೆ.

ಮೂಗಿನೊಳಗೆ ಮೇಲ್ತುದಿಯಲ್ಲಿ ಅಂಚೆಚೀಟಿಯಷ್ಟಗಲದ ಪೊರೆಯೊಂದಿದೆ. ಮನುಷ್ಯರಲ್ಲಿ ವಾಸನೆಯ ಕಣಗಳನ್ನು ಹಿಡಿಯುವ ಸುಮಾರು 400 ಬಗೆಯ ಗ್ರಾಹಕಗಳು ಅಲ್ಲಿರುತ್ತವೆ. ಇಂಥ ಗ್ರಾಹಕಗಳ ವಂಶವಾಹಿಗಳನ್ನು 1991ರಲ್ಲಿ ಇಲಿಗಳಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಗ್ರಾಹಕಗಳ ಸುದ್ದಿ ಮೊದಲು ಮಿದುಳಿನ ಮುಂಭಾಗದ ಅಡಿಯಲ್ಲಿರುವ ಎರಡು ಪುಟ್ಟ ಗಡ್ಡೆಗಳಿಗೆ ತಲಪುತ್ತದೆ. ಅಲ್ಲಿಂದ ಭಯ, ಹೇಸಿಗೆ, ನೆನಪುಗಳನ್ನು ನೋಡಿಕೊಳ್ಳುವ ಭಾಗಗಳು ಬಹಳ ಹತ್ತಿರ. ನೋಟ ಮತ್ತು ಸದ್ದು ಥಲಾಮಸ್ ಎಂಬ ನಡುಮನೆಯನ್ನು ಹಾದೇ ಮುಂದೆ ಹೋಗಬೇಕು. ವಾಸನೆಗೆ ಆ ಕಟ್ಟಳೆಯಿಲ್ಲ. ಹೂಮಳೆಯ ನಂತರ ತೋಟವೆಲ್ಲ ಬೆಳ್ಳಗಾದ ಬೆಳಿಗ್ಗೆ, ಆ ಘಮಕ್ಕೆ ಬಾಲ್ಯದ ದಿನಗಳು ಥಟ್ಟನೆ ಮರುಕಳಿಸುವುದಕ್ಕೆ ಇದೂ ಒಂದು ಕಾರಣವೆನ್ನುತ್ತಾರೆ.

ಸುದ್ದಿ ಒಂದೇ ಕಡೆಗೆ ಹರಿಯುವುದಿಲ್ಲ. ಮಿದುಳಿನಿಂದ ಆ ಗಡ್ಡೆಗಳಿಗೆ ಹಿಂದಿರುಗುವ ನರಗಳೂ ಬೇಕಾದಷ್ಟಿವೆ. ಅವು ಕೆರೆಯ ತೂಬನ್ನು ಏರಿಸಿ ಇಳಿಸಿದಂತೆ ವಾಸನೆಯನ್ನು ಹೆಚ್ಚು ಕಡಿಮೆ ಮಾಡುತ್ತವೆ. ಹಸಿದಾಗ ಬಾಯಲ್ಲಿ ನೀರೂರಿಸಿದ ಒಗ್ಗರಣೆಯ ವಾಸನೆ ಉಂಡೆದ್ದ ಮೇಲೆ ಬೇಡವೆನಿಸುವುದಿಲ್ಲವೇ? ಹಾಗೆಯೇ ಬದಲಾಗದೆ ಸುತ್ತಲೂ ನಿಂತ ವಾಸನೆಯನ್ನು ಮೂಗೂ ಮಿದುಳೂ ಸೇರಿ ಕೆಲವೇ ನಿಮಿಷಗಳಲ್ಲಿ ಅಡಗಿಸಿಬಿಡುತ್ತವೆ. ಹೊಸ ವಾಸನೆ ಬಂದರೆ ಬೇಗ ತಿಳಿಯಲೆಂದು ಈ ಏರ್ಪಾಡು. ಬೂಷ್ಟು ಮಾತ್ರ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಬೆಳೆಯುವುದರಿಂದ ಹೊಸದೆನಿಸುವುದೇ ಇಲ್ಲ.

ಆದ್ದರಿಂದ ಕಾಫಿಯಾಗಲಿ ಅಡಿಕೆಯಾಗಲಿ, ಕೋಣೆಯನ್ನು ಪರೀಕ್ಷಿಸುವವರು ಸ್ವಲ್ಪ ಹೊತ್ತು ಹೊರಗಿನ ಗಾಳಿಯಲ್ಲಿದ್ದು, ಬಾಗಿಲು ತೆರೆದ ಮೊದಲ ಉಸಿರಿನಲ್ಲೇ ವಾಸನೆ ನೋಡಬೇಕು. ಒಳಗೆ ಕುಳಿತು ಮತ್ತೆ ಮತ್ತೆ ಮೂಸಿದರೆ ಪ್ರಯೋಜನವಿಲ್ಲ. ನೆರೆಯವರನ್ನು ಕರೆದು ಕೇಳುವುದು ಇನ್ನೂ ಒಳ್ಳೆಯದು (ನಶ್ಯ ಹಾಕುವವರನ್ನು ಬಿಟ್ಟು). ತೇವಾಂಶವನ್ನಂತೂ ಯಂತ್ರದಲ್ಲೇ ಅಳೆಯತಕ್ಕದ್ದು.

ಅಡಿಗೆ ಅನಿಲಕ್ಕೂ ಇದೇ ಮಾತು ಸಲ್ಲುತ್ತದೆ. ಸೋರಿಕೆ ತಿಳಿಯಲೆಂದೇ ಅದಕ್ಕೆ ದುರ್ವಾಸನೆ ಬೆರೆಸಿರುತ್ತಾರೆ. ಒಮ್ಮೆ ಬಂದ ಆ ವಾಸನೆ ತಾನಾಗಿ ಹೋಯಿತೆಂದು ಕಡ್ಡಿ ಗೀರಬಾರದು. ಮೊದಲು ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬರಬೇಕು.